ಗಾಡಿ ಎಷ್ಟು ಹೊತ್ತು ನಿಂತಿತ್ತು? ಪೋಸ್ಟ್‌ಗ್ರೆಸ್ ಎರಡು ವರ್ಷ ಬಳಸಿದ ಮೇಲೆ ನನ್ನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಇದು ಪೋಸ್ಟ್‌ಗ್ರೆಸ್‌ಕ್ಯೂಎಲ್ (ಚಿಕ್ಕದಾಗಿ ಪೋಸ್ಟ್‌ಗ್ರೆಸ್) ಎಂಬ ಡೇಟಾಬೇಸ್‌ನ ಪೂರ್ತಿ ರಿವ್ಯೂ ಅಲ್ಲ. ಅದು ಮಾಡುವ ಒಂದೇ ಒಂದು ಕೆಲಸದ ರಿವ್ಯೂ. ಗಾಡಿ ಒಳಗೆ ಬಂದ ಟೈಮ್ ಒಂದು ಕಾಲಂನಲ್ಲಿದೆ, ಹೊರಗೆ ಹೋದ ಟೈಮ್ ಪಕ್ಕದ ಕಾಲಂನಲ್ಲಿದೆ, ನಡುವೆ ಎಷ್ಟು ಹೊತ್ತಾಯಿತು ಅಂತ ಕೇಳಿದರೆ ಡೇಟಾಬೇಸ್ ಏನು ಹೇಳುತ್ತದೆ? ಅಷ್ಟೇ. ಇದಕ್ಕೂ ರಿವ್ಯೂ ಬೇಕಾ ಅಂತ ನಗಬೇಡಿ. ದೊಡ್ಡದರಿಂದ ಚಿಕ್ಕದನ್ನು ಕಳೆದರೆ ಆಯ್ತಲ್ಲ ಅಂತ ನಾನೂ ಅಂದುಕೊಂಡಿದ್ದೆ, ಒಬ್ಬ ನಿವೃತ್ತ ಲೆಕ್ಕದ ಮೇಷ್ಟ್ರು ನನ್ನ ಸಾಫ್ಟ್‌ವೇರ್ ಕೊಟ್ಟ ಚೀಟಿ ಹಿಡಿದು "ಇದು ತಪ್ಪು" ಅನ್ನುವವರೆಗೆ.

ದಾವಣಗೆರೆಯಲ್ಲಿ ಪರಿಚಯದವರೊಬ್ಬರ ಬೈಕ್ ಸ್ಟ್ಯಾಂಡ್ ಇದೆ. ಬೆಳಿಗ್ಗೆ ಗಾಡಿ ನಿಲ್ಲಿಸಿ ಬಸ್ ಹತ್ತಿ ಹೋಗುವವರು, ಸಂಜೆ ಬಂದು ತೆಗೆದುಕೊಳ್ಳುವವರೇ ಜಾಸ್ತಿ. ಅವರಿಗೆ ಟೋಕನ್ ಕೊಡುವ, ಬಿಲ್ ಹಾಕುವ ಸಣ್ಣ ಸಾಫ್ಟ್‌ವೇರ್ ನಾನು ಬರೆದದ್ದು. ಬರೆದದ್ದು ಪಿಎಚ್‌ಪಿ ಭಾಷೆಯಲ್ಲಿ, ಅದರ ಬೆನ್ನಿಗೆ ಆಗ ಇದ್ದದ್ದು ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್. 24 ಗಂಟೆಗೆ 20 ರೂಪಾಯಿ, ಒಂದು ನಿಮಿಷ ಜಾಸ್ತಿಯಾದರೂ ಇನ್ನೊಂದು ದಿನದ ದುಡ್ಡು. ಸರಳ ಲೆಕ್ಕ. ತಿಂಗಳುಗಟ್ಟಲೆ ಒಂದು ಕಂಪ್ಲೇಂಟ್ ಬರಲಿಲ್ಲ.

ಆಮೇಲೆ ಒಂದು ದಿನ ಮಾಲೀಕರ ಫೋನ್. "ಏನ್ರೀ ಇದು, ಮೇಷ್ಟ್ರು ಬಂದು ನಿಂತವ್ರೆ, ಬಿಲ್ ಕಡಿಮೆ ಬಂದೈತೆ ಅಂತಾರೆ. ಜಾಸ್ತಿ ಬಂತು ಅಂತ ಜಗಳ ಮಾಡೋರನ್ನ ನೋಡೀನಿ, ಕಡಿಮೆ ಬಂತು ಅಂತ ಜಗಳ ಮಾಡೋರನ್ನ ಇದೇ ಮೊದಲು ನೋಡ್ತಿರೋದು!" ಮೇಷ್ಟ್ರು ದುಬೈನಲ್ಲಿರುವ ಮಗನ ಮನೆಗೆ ಹೋಗಿದ್ದರಂತೆ. ಜೂನ್ 3ರ ಬೆಳಿಗ್ಗೆ 8:20ಕ್ಕೆ ಸ್ಕೂಟರ್ ನಿಲ್ಲಿಸಿದ್ದಾರೆ, ಜುಲೈ 25ಕ್ಕೆ 11:30ಕ್ಕೆ ತೆಗೆಯಲು ಬಂದಿದ್ದಾರೆ. ಅವರ ಲೆಕ್ಕದಲ್ಲಿ 52 ದಿನ ಮುಗಿದು 53ನೇ ದಿನ ನಡೆಯುತ್ತಿದೆ, 1060 ರೂಪಾಯಿ ಆಗಬೇಕು. ನನ್ನ ಚೀಟಿ ಹೇಳಿದ್ದು 700. ಹುಡುಕಿ ನೋಡಿದರೆ 40 ದಿನ ನಿಂತಿದ್ದ ಇನ್ನೊಂದು ಬೈಕಿಗೂ 700, ಎರಡೂವರೆ ತಿಂಗಳು ನಿಂತಿದ್ದ ಒಂದಕ್ಕೂ 700.

ಕಾರಣ ಏನಪ್ಪಾ ಅಂದರೆ, ನಾನು ಬಳಸಿದ್ದು ಟೈಮ್‌ಡಿಫ್ ಎಂಬ ಫಂಕ್ಷನ್ (ಡೇಟಾಬೇಸ್‌ನಲ್ಲಿ ಮೊದಲೇ ಸಿದ್ಧವಾಗಿರುವ ಲೆಕ್ಕದ ಆದೇಶ). ಹೆಸರು ನೋಡಿದರೆ ಇದಕ್ಕೇ ಮಾಡಿದ ಹಾಗಿದೆ ಅಲ್ವಾ? ಆದರೆ ಅದು ಉತ್ತರವನ್ನು ಟೈಮ್ ಎಂಬ ಟೈಪ್‌ನಲ್ಲಿ ಕೊಡುತ್ತದೆ, ಮೈಎಸ್‌ಕ್ಯೂಎಲ್‌ನ ಆ ಟೈಪ್‌ನಲ್ಲಿ ಹಿಡಿಸುವ ಅತಿ ದೊಡ್ಡ ಅವಧಿ 838:59:59. ಅಂದರೆ 838 ಗಂಟೆ 59 ನಿಮಿಷ 59 ಸೆಕೆಂಡ್, ಮೂವತ್ತೈದು ದಿನಕ್ಕೆ ಇನ್ನೊಂದು ಗಂಟೆ ಬಾಕಿ ಇರುವಷ್ಟು. ಅದಕ್ಕಿಂತ ಜಾಸ್ತಿ ಎಷ್ಟೇ ಇದ್ದರೂ ಸುಮ್ನೆ ಅಲ್ಲೇ ನಿಂತುಬಿಡುತ್ತದೆ. ಎರರ್ ಇಲ್ಲ. ಒಂದು ವಾರ್ನಿಂಗ್ ಬರುತ್ತದೆ, ನನ್ನ ಕೋಡ್ ವಾರ್ನಿಂಗ್ ನೋಡುವ ಜಾತಿಯದ್ದಲ್ಲ. 35 ಗುಣಿಸು 20, 700. ಮ್ಯಾನ್ಯುಯಲ್‌ನಲ್ಲಿ ಇದೆಲ್ಲ ಸ್ಪಷ್ಟವಾಗಿ ಬರೆದಿದೆ, ಓದದವನು ನಾನು. ಹಾಗಾಗಿ ಬೈಗುಳ ನನಗೇ ಸೇರಬೇಕು.

ಸರಿ ಮಾಡುವುದು ಒಂದೇ ಸಾಲಿನ ಕೆಲಸ, ಟೈಮ್‌ಡಿಫ್ ತೆಗೆದು ಟೈಮ್‌ಸ್ಟ್ಯಾಂಪ್‌ಡಿಫ್ ಹಾಕುವುದು. ಇದು ಒಳ್ಳೆಯ ಫಂಕ್ಷನ್, ಉತ್ತರ ಟೈಮ್ ಅಲ್ಲ, ಪೂರ್ಣಾಂಕ. ಸೆಕೆಂಡಲ್ಲಿ ಬೇಕಾ, ನಿಮಿಷದಲ್ಲಿ ಬೇಕಾ, ಗಂಟೆಯಲ್ಲಿ ಬೇಕಾ ಅಂತ ನೀವೇ ಹೇಳಬೇಕು. ಮೈಎಸ್‌ಕ್ಯೂಎಲ್‌ನಲ್ಲೇ ಇರುವವರು ಕಣ್ಣು ಮುಚ್ಚಿಕೊಂಡು ಇದನ್ನೇ ಬಳಸಿ, ಆದರೆ ಎರಡು ವಿಷಯ ನೆನಪಿರಲಿ. ಟೈಮ್‌ಡಿಫ್‌ನಲ್ಲಿ ಹೊರಗೆ ಹೋದ ಟೈಮ್ ಮೊದಲು ಬರೆಯಬೇಕು, ಟೈಮ್‌ಸ್ಟ್ಯಾಂಪ್‌ಡಿಫ್‌ನಲ್ಲಿ ಒಳಗೆ ಬಂದ ಟೈಮ್ ಮೊದಲು. ಒಂದೇ ಅಂಗಡಿಯ ಎರಡು ಬಾಗಿಲು, ಒಂದು ಎಳೆದರೆ ತೆಗೆಯುತ್ತದೆ, ಇನ್ನೊಂದು ತಳ್ಳಿದರೆ. ಇನ್ನೊಂದು ವಿಷಯ, ಅದು ಉಳಿದದ್ದನ್ನು ಕತ್ತರಿಸಿ ಬಿಸಾಕುತ್ತದೆ. ಗಂಟೆಯಲ್ಲಿ ಕೇಳಿದರೆ 1 ಗಂಟೆ 59 ನಿಮಿಷವೂ ಅದಕ್ಕೆ 1 ಗಂಟೆಯೇ. ಅದಕ್ಕೇ ಯಾವಾಗಲೂ ಸೆಕೆಂಡಲ್ಲಿ ಕೇಳಿ, ಭಾಗಿಸಿ ಮೇಲಕ್ಕೆ ರೌಂಡ್ ಮಾಡುವುದನ್ನು ನೀವೇ ಮಾಡಿಕೊಳ್ಳಿ.

ಇದರ ಜೊತೆಗೆ ಒಂದು ದಾರಿ ಇದೆ, ಅದನ್ನು ಯಾರೂ ತುಳಿಯಬಾರದು. ಮೈಎಸ್‌ಕ್ಯೂಎಲ್‌ನಲ್ಲಿ ಎರಡು ಡೇಟ್‌ಟೈಮ್ ನಡುವೆ ನೇರ ಮೈನಸ್ ಚಿಹ್ನೆ ಹಾಕುವುದು. ಅದು ದಿನಾಂಕ, ಗಂಟೆ, ನಿಮಿಷ, ಸೆಕೆಂಡಿನ ಅಂಕಿಗಳನ್ನು ಸಾಲಾಗಿ ಜೋಡಿಸಿ ಎರಡನ್ನೂ ಉದ್ದನೆಯ ಸಂಖ್ಯೆ ಮಾಡಿಕೊಂಡು ಕಳೆಯುತ್ತದೆ. 9:59ರಿಂದ 10:00ಕ್ಕೆ ಒಂದೇ ನಿಮಿಷ, ಆದರೆ ಅದಕ್ಕೆ 100000ದಲ್ಲಿ 95900 ಹೋದರೆ 4100. ಅದು ಸೆಕೆಂಡೂ ಅಲ್ಲ, ನಿಮಿಷವೂ ಅಲ್ಲ, ಯಾವುದೂ ಅಲ್ಲ. ಇದರ ಕುತಂತ್ರ ಏನೆಂದರೆ ಒಂದೇ ಗಂಟೆಯೊಳಗೆ ಟೆಸ್ಟ್ ಮಾಡಿದರೆ ಸರಿ ಇದ್ದ ಹಾಗೇ ಕಾಣುತ್ತದೆ. 9:15ಕ್ಕೆ ಬಂದು 9:45ಕ್ಕೆ ಹೋದರೆ 3000 ಬರುತ್ತದೆ, ನೋಡಿದವರು 30 ನಿಮಿಷ 00 ಸೆಕೆಂಡ್ ಅಂತ ಓದಿಕೊಂಡು ಖುಷಿಯಾಗುತ್ತಾರೆ. ಮಧ್ಯಾಹ್ನ ಊಟಕ್ಕೆ ಎದ್ದು ಹೋಗಿ ಬಂದಮೇಲೆ ಟೆಸ್ಟ್ ಮಾಡಿದವನು ಮಾತ್ರ ಬಚಾವ್.

ಹಾಗಾದರೆ ಟೈಮ್‌ಸ್ಟ್ಯಾಂಪ್‌ಡಿಫ್ ಹಾಕಿ ಅಲ್ಲೇ ಇರಬಹುದಿತ್ತಲ್ಲ, ಪೋಸ್ಟ್‌ಗ್ರೆಸ್‌ಗೆ ಯಾಕೆ ಹೋದೆ? ಮಾಲೀಕರಿಗೆ ರಿಪೋರ್ಟ್ ಬೇಕಾಯಿತು. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಬರುವ ಗಾಡಿ ಸರಾಸರಿ ಎಷ್ಟು ಹೊತ್ತು ನಿಲ್ಲುತ್ತದೆ, ಭಾನುವಾರ ಎಷ್ಟು, ಹಬ್ಬದ ಹಿಂದಿನ ದಿನ ಎಷ್ಟು. ಸಣ್ಣ ಅವಧಿಗಳೇ ತಾನೇ, 838ರ ಹತ್ತಿರವೂ ಹೋಗುವುದಿಲ್ಲ ಅಂತ ಇಲ್ಲಿ ಟೈಮ್‌ಡಿಫ್ ಮೇಲೆ ಸರಾಸರಿ ತೆಗೆದೆ. ಒಂದು ಗಾಡಿ 50 ನಿಮಿಷ, ಇನ್ನೊಂದು 1 ಗಂಟೆ 20 ನಿಮಿಷ. ಅದು ಒಂದನ್ನು 5000 ಅಂತಲೂ ಇನ್ನೊಂದನ್ನು 12000 ಅಂತಲೂ ಹಿಡಿದು ಕೂಡಿಸಿ 17000 ಮಾಡುತ್ತದೆ, ಅಂದರೆ 1 ಗಂಟೆ 70 ನಿಮಿಷ! ಅರ್ಧ ಮಾಡಿದರೆ 8500. ನಾನು ಅದನ್ನು 85 ನಿಮಿಷ ಅಂತ ರಿಪೋರ್ಟ್‌ನಲ್ಲಿ ತೋರಿಸಿದೆ, ನಿಜವಾದ ಸರಾಸರಿ 65. ಮೊದಲು ಸೆಕೆಂಡ್ ಮಾಡಿ, ಕೂಡಿಸಿ, ಮತ್ತೆ ಟೈಮ್ ಮಾಡು ಅನ್ನುವ ಸರ್ಕಸ್ ಗೊತ್ತಿದ್ದರೆ ಸರಿ ಬರುತ್ತದೆ. ಗೊತ್ತಿದ್ದರೆ. ಎರಡನೇ ಸಲ ಬಿದ್ದ ಮೇಲೆ ನನಗೆ ಅನಿಸಿದ್ದು, ಈ ಡೇಟಾಬೇಸ್‌ಗೆ "ಇಷ್ಟು ಹೊತ್ತು" ಎಂಬುದಕ್ಕೆ ಬೇರೆ ಪದವೇ ಇಲ್ಲ. ಗೋಡೆ ಗಡಿಯಾರದ ಹತ್ತೂವರೆಯೂ, ಕಾದು ನಿಂತ ಹತ್ತೂವರೆ ಗಂಟೆಯೂ ಅದಕ್ಕೆ ಒಂದೇ ಡಬ್ಬದಲ್ಲಿ ಹೋಗುತ್ತವೆ.

ಪೋಸ್ಟ್‌ಗ್ರೆಸ್‌ನಲ್ಲಿ ಅದಕ್ಕೆ ಬೇರೆ ಡಬ್ಬವೇ ಇದೆ, ಹೆಸರು ಇಂಟರ್ವಲ್. ಔಟ್‌ಟೈಮ್ ಮೈನಸ್ ಇನ್‌ಟೈಮ್, ನಡುವೆ ನಿಜವಾಗಿಯೂ ಮೈನಸ್ ಚಿಹ್ನೆ, ಫಂಕ್ಷನ್ ಹೆಸರೂ ಬೇಡ, ಯಾವುದು ಮೊದಲು ಎಂಬ ಗೊಂದಲವೂ ಬೇಡ. ಮೇಷ್ಟ್ರ ಸ್ಕೂಟರ್‌ಗೆ ಬರುವ ಉತ್ತರ "52 ಡೇಸ್ 03:10:00". ಮೊದಲ ಸಲ ಅದನ್ನು ಸ್ಕ್ರೀನ್ ಮೇಲೆ ನೋಡಿದಾಗ ನಿಜಕ್ಕೂ ಹಾಯ್ ಅನಿಸಿತು. ಮೈಕ್ರೋಸೆಕೆಂಡ್‌ವರೆಗೆ ನಿಖರ. ಸರಾಸರಿ ಕೇಳಿ, ಮೊತ್ತ ಕೇಳಿ, ಅತಿ ಹೆಚ್ಚು ನಿಂತಿದ್ದು ಯಾವುದು ಕೇಳಿ, ಇಂಟರ್ವಲ್ ಮೇಲೆ ನೇರ ಕೇಳಬಹುದು, ಉತ್ತರವೂ ಇಂಟರ್ವಲ್ ಆಗಿಯೇ ಬರುತ್ತದೆ. ನನ್ನ ರಿಪೋರ್ಟ್‌ನ ಇಪ್ಪತ್ತು ಸಾಲು ನಾಲ್ಕಕ್ಕೆ ಇಳಿಯಿತು. ಟು_ಚಾರ್ ಎಂಬ ಫಂಕ್ಷನ್‌ನಲ್ಲಿ ಡಬಲ್ ಕೋಟ್ ಒಳಗೆ "ದಿನ", "ಗಂಟೆ", "ನಿಮಿಷ" ಅಂತ ಕನ್ನಡದಲ್ಲೇ ಬರೆದರೆ ಹಾಗೇ ಜೋಡಿಸಿ ಕೊಡುತ್ತದೆ, ಈಗ ಚೀಟಿಯಲ್ಲಿ "52 ದಿನ 03 ಗಂಟೆ 10 ನಿಮಿಷ" ಅಂತ ಬರುತ್ತದೆ. ನಮ್ಮ ಥರ್ಮಲ್ ಪ್ರಿಂಟರ್‌ಗೆ ಕನ್ನಡ ಅಕ್ಷರ ಬರುವುದಿಲ್ಲ, ಚೀಟಿಯನ್ನು ಚಿತ್ರ ಮಾಡಿ ಕಳಿಸಬೇಕು. ಅದು ಬೇರೆ ಗೋಳು, ಇನ್ನೊಮ್ಮೆ ಬರೆಯುತ್ತೇನೆ.

ಹೊಗಳಿದ್ದು ಸಾಕು. ಇಲ್ಲೂ ಗುಂಡಿಗಳಿವೆ, ಅದರಲ್ಲಿ ಒಂದು ದೊಡ್ಡದು. ಎಕ್ಸ್‌ಟ್ರಾಕ್ಟ್ ಬಳಸಿ ಇಂಟರ್ವಲ್‌ನಿಂದ ಗಂಟೆ ತೆಗೆ ಅಂದರೆ ಅದು ಒಟ್ಟು ಎಷ್ಟು ಗಂಟೆ ಅಂತ ಹೇಳುವುದಿಲ್ಲ, ಗಂಟೆಯ ಜಾಗದಲ್ಲಿ ಏನು ಬರೆದಿದೆಯೋ ಅದನ್ನು ಹೇಳುತ್ತದೆ. ಮೇಷ್ಟ್ರ 52 ದಿನ 3 ಗಂಟೆಗೆ ಉತ್ತರ 3. ಮೂರೇ ಗಂಟೆ! ಕಡಿಮೆ ಬಿಲ್ ಅಂತ ಜಗಳಕ್ಕೆ ಬಂದ ಮನುಷ್ಯ ಇದನ್ನು ನೋಡಿದ್ದರೆ ಪೊಲೀಸರನ್ನು ಕರೆಯುತ್ತಿದ್ದರೇನೋ. ಸರಿಯಾದ ದಾರಿ ಎಪಕ್ ಅಂತ ಕೇಳುವುದು, ಆಗ ಇಡೀ ಅವಧಿ ಸೆಕೆಂಡ್ ಆಗಿ ಬರುತ್ತದೆ. ಮೇಷ್ಟ್ರದ್ದು 45,04,200 ಸೆಕೆಂಡ್. 86,400ರಿಂದ ಭಾಗಿಸಿದರೆ 52.13, ಸೀಲ್ (ಮೇಲಿನ ಪೂರ್ಣಾಂಕಕ್ಕೆ ಏರಿಸುವ ಫಂಕ್ಷನ್) ಹಾಕಿದರೆ 53, 20ರಿಂದ ಗುಣಿಸಿದರೆ 1060. ಮೇಷ್ಟ್ರ ಲೆಕ್ಕವೇ ಸರಿ.

ಇನ್ನೊಂದು ಏಜ್ ಎಂಬ ಫಂಕ್ಷನ್. ಹುಟ್ಟಿದ ದಿನ ಕೊಟ್ಟು ವಯಸ್ಸು ಕೇಳಲು ಚೆನ್ನಾಗಿದೆ, ವರ್ಷ, ತಿಂಗಳು, ದಿನ ಅಂತ ಬಿಡಿಸಿ ಹೇಳುತ್ತದೆ. ದುಡ್ಡಿನ ಲೆಕ್ಕಕ್ಕೆ ಮಾತ್ರ ಮುಟ್ಟಬೇಡಿ. ಅದು ಮೇಷ್ಟ್ರ ಸ್ಕೂಟರ್‌ಗೆ 1 ತಿಂಗಳು 22 ದಿನ ಅಂತ ಕೊಡುತ್ತದೆ. ಅದನ್ನು ಸೆಕೆಂಡ್ ಮಾಡಿದರೆ ಪೋಸ್ಟ್‌ಗ್ರೆಸ್ ಒಂದು ತಿಂಗಳು ಅಂದರೆ 30 ದಿನ ಅಂತ ಹಿಡಿಯುತ್ತದೆ. ಜೂನ್‌ಗೆ 30 ದಿನ ಇರುವುದರಿಂದ ಇಲ್ಲಿ ಅದೃಷ್ಟಕ್ಕೆ 52 ಸರಿಯಾಗಿ ಬರುತ್ತದೆ. ಅವರೇ ಜುಲೈ 3ಕ್ಕೆ ನಿಲ್ಲಿಸಿ ಆಗಸ್ಟ್ 24ಕ್ಕೆ ಬಂದಿದ್ದರೆ ನಿಜವಾದದ್ದು 52 ದಿನ, ಈ ದಾರಿಯಲ್ಲಿ ಬರುವುದು 51. ಒಂದು ದಿನದ ಬಾಡಿಗೆ ಮಾಯ. ಇಂಥ ತಪ್ಪು ವರ್ಷದಲ್ಲಿ ಕೆಲವು ತಿಂಗಳು ಮಾತ್ರ ತಲೆ ಎತ್ತುತ್ತದೆ, ಹಿಡಿಯುವುದು ಕಷ್ಟ.

ಮೂರನೆಯದು ಸಣ್ಣದು. ನೌ (ಈಗ) ಅಂತ ಕೇಳಿದರೆ ಪೋಸ್ಟ್‌ಗ್ರೆಸ್ ಈ ಕ್ಷಣವನ್ನು ಹೇಳುವುದಿಲ್ಲ, ಟ್ರಾನ್ಸಾಕ್ಷನ್ (ಒಂದೇ ಗಂಟಾಗಿ ನಡೆಯುವ ಡೇಟಾಬೇಸ್ ಕೆಲಸಗಳು) ಶುರುವಾದ ಕ್ಷಣವನ್ನು ಹೇಳುತ್ತದೆ. ಒಂದು ಕೆಲಸ ಎಷ್ಟು ಸೆಕೆಂಡ್ ತೆಗೆದುಕೊಂಡಿತು ಅಂತ ಅದೇ ಟ್ರಾನ್ಸಾಕ್ಷನ್ ಒಳಗೆ ಮೊದಲೊಂದು ನೌ, ಕೊನೆಗೊಂದು ನೌ ಇಟ್ಟು ಕಳೆದರೆ ಸೊನ್ನೆ. ಇಷ್ಟು ಫಾಸ್ಟಾ ಅಂತ ನಾನು ಸ್ವಲ್ಪ ಹೊತ್ತು ಬೀಗಿದ್ದೂ ಉಂಟು. ಅದಕ್ಕೆ ಕ್ಲಾಕ್_ಟೈಮ್‌ಸ್ಟ್ಯಾಂಪ್ ಇದೆ.

ಇನ್ನು ಟೈಮ್ ಜೋನ್. ನಮ್ಮಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲ, ಎಲ್ಲಾ ಕಡೆ ಒಂದೇ ಟೈಮ್, ಹಾಗಾಗಿ ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಆದರೆ ಕ್ಲೌಡ್ ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಗೇಟಿನಲ್ಲಿರುವ ಫೋನ್, ಗಾಡಿ ಒಳಗೆ ಬಂದ ಟೈಮನ್ನು ನಮ್ಮ ಗಡಿಯಾರದಲ್ಲಿ ಬರೆದು, ಹೊರಗೆ ಹೋದ ಟೈಮನ್ನು ಸರ್ವರ್ ಬರೆದರೆ, ಹತ್ತು ನಿಮಿಷ ನಿಂತ ಗಾಡಿ ಬರುವ ಮೊದಲೇ ಹೊರಟುಹೋಗಿರುತ್ತದೆ. ವ್ಯತ್ಯಾಸದಲ್ಲಿ 330 ನಿಮಿಷವೋ 19800 ಸೆಕೆಂಡೋ ಎಡವಟ್ಟಾಗಿದ್ದರೆ ಬೇರೆ ಎಲ್ಲೂ ಹುಡುಕಬೇಡಿ, ಅದು ಇದೇ. ಪೋಸ್ಟ್‌ಗ್ರೆಸ್‌ನಲ್ಲಿ ಟೈಮ್‌ಸ್ಟ್ಯಾಂಪ್‌ಟಿಜೆಡ್ ಎಂಬ ಟೈಪ್ ಬಳಸಿದರೆ ಒಳಗೆ ಎಲ್ಲವೂ ಯುಟಿಸಿ ಆಗಿ ಕೂತುಕೊಳ್ಳುತ್ತದೆ, ತೋರಿಸುವಾಗ ನಮ್ಮ ಟೈಮ್. ಒಂದು ಸಲ ಸರಿಯಾಗಿ ಹಾಕಿದರೆ ಮರೆತುಬಿಡಬಹುದು. ಅಮೆರಿಕದಲ್ಲಿರುವ ನಮ್ಮವರಿಗಂತೂ ಇದು ಬೇಕೇ ಬೇಕು. 2025ರ ಮಾರ್ಚ್ 9ರ ಬೆಳಗಿನ ಜಾವ ಅಲ್ಲಿ ಎರಡು ಗಂಟೆಗೆ ಗಡಿಯಾರ ಮೂರಕ್ಕೆ ಹಾರಿತು. ಹಿಂದಿನ ರಾತ್ರಿ ಹನ್ನೊಂದಕ್ಕೆ ಕೆಲಸಕ್ಕೆ ಹೋಗಿ ಬೆಳಿಗ್ಗೆ ಏಳಕ್ಕೆ ಬಂದ ನರ್ಸ್ ನ್ಯೂಜೆರ್ಸಿಯಲ್ಲಿ ನಿಜವಾಗಿ ಮಾಡಿದ್ದು 7 ಗಂಟೆ ಡ್ಯೂಟಿ. ಜೋನ್ ಇಲ್ಲದ ಟೈಮ್‌ಸ್ಟ್ಯಾಂಪ್ 8 ಅನ್ನುತ್ತದೆ. ನವೆಂಬರ್ 2ಕ್ಕೆ ಉಲ್ಟಾ, ಪಾಪ 9 ಗಂಟೆ ದುಡಿದವರಿಗೆ 8 ಗಂಟೆ ಸಂಬಳ.

ಬೇರೆ ಡೇಟಾಬೇಸ್‌ಗಳನ್ನೂ ಅಷ್ಟಿಷ್ಟು ಮುಟ್ಟಿದ್ದೇನೆ. ಎಸ್‌ಕ್ಯೂಎಲ್ ಸರ್ವರ್‌ನ ಡೇಟ್‌ಡಿಫ್ ಕಥೆ ಮಜಾ ಇದೆ, ಅದು ಎಷ್ಟು ಹೊತ್ತಾಯಿತು ಅಂತ ಎಣಿಸುವುದೇ ಇಲ್ಲ, ಎಷ್ಟು ಗಡಿ ದಾಟಿದಿರಿ ಅಂತ ಎಣಿಸುತ್ತದೆ. 9:59ಕ್ಕೆ ಬಂದು 10:01ಕ್ಕೆ ಹೋದರೆ ಗಂಟೆಯ ಲೆಕ್ಕದಲ್ಲಿ 1. 9:00ಕ್ಕೆ ಬಂದು 9:59ಕ್ಕೆ ಹೋದರೆ 0. ಡಿಸೆಂಬರ್ 31ರ ರಾತ್ರಿ 11:59:59ರಿಂದ ಒಂದೇ ಸೆಕೆಂಡ್ ಕಳೆದರೆ ವರ್ಷದ ಲೆಕ್ಕದಲ್ಲೂ 1. ಟೋಲ್ ಗೇಟ್‌ಗೆ ಸರಿಯಾದ ಲೆಕ್ಕ, ಬೈಕ್ ಸ್ಟ್ಯಾಂಡ್‌ಗೆ ಅಲ್ಲ. ಮಿಲಿಸೆಕೆಂಡಲ್ಲಿ ಕೇಳಿದರೆ ಸುಮಾರು 24 ದಿನ 20 ಗಂಟೆ ದಾಟಿದ ಮೇಲೆ ಎರರ್ ಕೊಡುತ್ತದೆ, 2016ರ ಆವೃತ್ತಿಯಿಂದ ಅದಕ್ಕೆ ಡೇಟ್‌ಡಿಫ್_ಬಿಗ್ ಇದೆ. ಎರರ್ ಕೊಡುತ್ತದಲ್ಲ, ಅದಕ್ಕೆ ನನ್ನ ಮೆಚ್ಚುಗೆ. ತೆಪ್ಪಗೆ 838ಕ್ಕೆ ನಿಲ್ಲುವುದಕ್ಕಿಂತ ಕೂಗಿ ಸಾಯುವುದು ಮೇಲು. ಒರಾಕಲ್‌ನಲ್ಲಿ ಡೇಟ್‌ನಿಂದ ಡೇಟ್ ಕಳೆದರೆ ದಿನಗಳ ಸಂಖ್ಯೆ ಬರುತ್ತದೆ, ಆರು ಗಂಟೆಗೆ 0.25. ಟೈಮ್‌ಸ್ಟ್ಯಾಂಪ್ ಆದರೆ ಅಲ್ಲೂ ಇಂಟರ್ವಲ್ ಇದೆ, ಚೆನ್ನಾಗಿದೆ, ಬೆಲೆ ಬೈಕ್ ಸ್ಟ್ಯಾಂಡ್‌ಗೆ ಆಗುವಂಥದ್ದಲ್ಲ. ಎಸ್‌ಕ್ಯೂಲೈಟ್ ಗೇಟಿನ ಫೋನ್‌ನಲ್ಲಿ ನೆಟ್ ಇಲ್ಲದಾಗ ಬಳಸುತ್ತೇನೆ. ಅದಕ್ಕೆ ದಿನಾಂಕದ ಟೈಪೇ ಇಲ್ಲ. ಜೂಲಿಯನ್‌ಡೇ (ದಶಮಾಂಶದಲ್ಲಿ ದಿನಗಳ ಎಣಿಕೆ) ಅಂತ ಮಾಡಿಕೊಂಡು ಕಳೆದು 86,400ರಿಂದ ಗುಣಿಸಿದರೆ 60ರ ಬದಲು 59.99 ಏನೋ ಬರಬಹುದು, ಪೂರ್ಣಾಂಕ ಮಾಡಿದರೆ 59 ಆಗಿಹೋಗುತ್ತದೆ. ಅಲ್ಲಿ ಮೊದಲೇ ಯುನಿಕ್ಸ್ ಸೆಕೆಂಡ್ (1970ರ ಜನವರಿ 1ರಿಂದ ಎಣಿಸಿದ ಸೆಕೆಂಡ್) ಆಗಿ ಬರೆದಿಟ್ಟುಕೊಳ್ಳುವುದು ನೆಮ್ಮದಿ.

ಬದಲಾಯಿಸುವುದು ಕಷ್ಟವಾಯಿತಾ ಅಂದರೆ, ಒಂದು ಶನಿವಾರ ಭಾನುವಾರ ಹೋಯಿತು. ಹೊರಗೆ ಹೋಗದ ಗಾಡಿಗಳಿಗೆಲ್ಲ ನಾನು ಹಳೆಯದರಲ್ಲಿ ಔಟ್‌ಟೈಮ್ ಜಾಗಕ್ಕೆ ಎಲ್ಲಾ ಸೊನ್ನೆ ತುಂಬಿದ್ದೆ, ಸೊನ್ನೆ ವರ್ಷ, ಸೊನ್ನೆ ತಿಂಗಳು, ಸೊನ್ನೆ ದಿನ. ಪೋಸ್ಟ್‌ಗ್ರೆಸ್ ಅಂಥ ದಿನಾಂಕವನ್ನು ಒಳಗೇ ಬಿಡುವುದಿಲ್ಲ. ಸರಿಯೇ, ಅಂಥ ದಿನ ಯಾವ ಕ್ಯಾಲೆಂಡರ್‌ನಲ್ಲಿದೆ? ಎಲ್ಲವನ್ನೂ ನಲ್ (ಅಂದರೆ ಖಾಲಿ) ಮಾಡಿದೆ. ಈಗ ಇನ್ನೂ ಒಳಗಿರುವ ಗಾಡಿಗಳ ಹೊತ್ತು ಬೇಕಾದರೆ, ಔಟ್‌ಟೈಮ್ ನಲ್ ಇದ್ದಾಗ ಅದರ ಜಾಗಕ್ಕೆ ನೌ ಹಿಡಿ ಅಂತ ಕೋಅಲೆಸ್‌ನಲ್ಲಿ ಹೇಳುತ್ತೇನೆ. ಮೂವತ್ತು ದಿನ ದಾಟಿದ ಗಾಡಿ ಹುಡುಕುವಾಗ ಪ್ರತಿ ಸಾಲಲ್ಲೂ ಕಳೆದು ನೋಡಬೇಡಿ, ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಪಟ್ಟಿ) ಕೆಲಸಕ್ಕೆ ಬರುವುದಿಲ್ಲ. ಈಗಿನಿಂದ ಮೂವತ್ತು ದಿನ ಹಿಂದೆ ಹೋಗಿ, ಅದಕ್ಕಿಂತ ಮೊದಲು ಬಂದದ್ದು ಯಾವುದು ಅಂತ ಇನ್‌ಟೈಮ್ ಕಾಲಂ ಮೇಲೆ ಕೇಳಿ. ಉತ್ತರ ಅದೇ, ಸ್ಪೀಡ್ ಬೇರೆ.

ಅಂಕ ಕೊಡುವುದಾದರೆ ಪೋಸ್ಟ್‌ಗ್ರೆಸ್‌ಗೆ 5ಕ್ಕೆ 4. ಒಂದು ಕಳೆದದ್ದು ಆ ಎಕ್ಸ್‌ಟ್ರಾಕ್ಟ್ ಗುಂಡಿಗೆ, ಹೊಸಬರು ಬಿದ್ದೇ ಬೀಳುತ್ತಾರೆ. ಮೈಎಸ್‌ಕ್ಯೂಎಲ್‌ಗೆ ಈ ಒಂದು ಕೆಲಸಕ್ಕೆ ಎರಡೂವರೆ, ಟೈಮ್‌ಸ್ಟ್ಯಾಂಪ್‌ಡಿಫ್ ಮಾತ್ರ ಬಳಸುತ್ತೇನೆ ಅಂತ ಆಣೆ ಮಾಡಿದವರಿಗೆ ಮೂರೂವರೆ. ಬಿಲ್ ಒಂದೇ ಬೇಕು, ರಿಪೋರ್ಟ್ ಗಿಪೋರ್ಟ್ ಬೇಡ ಅನ್ನುವವರು ಇರುವಲ್ಲೇ ಇರಿ, ಸುಮ್ನೆ ವೀಕೆಂಡ್ ಹಾಳು ಮಾಡಿಕೊಳ್ಳಬೇಡಿ.

ತಿಂಗಳ ಪಾಸ್ ವಿಷಯ ಮಾತ್ರ ಯಾವ ಡೇಟಾಬೇಸಿಂದಲೂ ಬಗೆಹರಿಯಲಿಲ್ಲ. ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಪೋಸ್ಟ್‌ಗ್ರೆಸ್ ಫೆಬ್ರವರಿ 28 ಅನ್ನುತ್ತದೆ, ಪಾಸ್ ತೆಗೆದುಕೊಂಡವರು "ನಂಗೆ ಇಪ್ಪತ್ತೆಂಟೇ ದಿನ ಬಂತು, ಅವನಿಗೆ ಮೂವತ್ತೊಂದು" ಅನ್ನುತ್ತಾರೆ, ಇಬ್ಬರದ್ದೂ ಸರಿಯೇ. ಏನು ಮಾಡೋಣ ಅಂತ ಮಾಲೀಕರನ್ನು ಕೇಳಿದೆ. "ಅದಕ್ಕೆ ಕಂಪ್ಯೂಟರ್ ಯಾಕ್ರೀ, ಪಾಸ್ ಅಂದ್ರೆ ಮೂವತ್ತು ದಿನ ಅಂತ ಬೋರ್ಡ್ ಬರೆಸಿಬಿಡ್ತೀನಿ" ಅಂದರು. ಬರೆಸಿದ್ದಾರೆ, ಗೇಟ್ ಹತ್ತಿರ ಹಳದಿ ಬೋರ್ಡ್. ನನ್ನ ಕೋಡ್‌ನಲ್ಲೂ ಈಗ ಮಂತ್ ಅಂತಿಲ್ಲ, 30 ಡೇಸ್ ಅಂತಿದೆ.